2-3 ಝೋನ್ ಎದುರು ಆಫೆನ್ಸ್ ಕಟ್ಟಿಕೊಂಡರೆ: ದೋಷ ಹುಡುಕುವುದು, ಸರಿಪಡಿಸುವುದು

ಬಾಸ್ಕೆಟ್‌ಬಾಲ್‌ನಲ್ಲಿ 2-3 ಝೋನ್ ಎಂದರೆ ಡಿಫೆಂಡರ್‌ಗಳು ಒಬ್ಬೊಬ್ಬ ಆಟಗಾರನನ್ನು ಹಿಂಬಾಲಿಸದೆ, ಮುಂದೆ ಇಬ್ಬರು ಗಾರ್ಡ್‌ಗಳು, ಹಿಂದೆ ಸೆಂಟರ್ ಮತ್ತು ಇಬ್ಬರು ಫಾರ್ವರ್ಡ್‌ಗಳು ಎಂದು ನಿಂತು ತಂತಮ್ಮ ಜಾಗ ಕಾಯುವುದು. ಅದರೆದುರು ಕಟ್ಟಿಕೊಳ್ಳುವ ಲಕ್ಷಣ ಎಲ್ಲ ತಂಡಗಳಲ್ಲೂ ಒಂದೇ ತರಹ. ಎದುರಾಳಿ ಝೋನ್‌ಗೆ ಇಳಿಯುತ್ತಿದ್ದ ಹಾಗೇ ಅದುವರೆಗೆ ಓಡಾಡಿಕೊಂಡಿದ್ದ ಐವರೂ ನಿಂತುಬಿಡುತ್ತಾರೆ. ಚೆಂಡು ಮೂರಂಕದ ಗೆರೆಯ ಹೊರಗೇ ಬಲಕ್ಕೆ, ನಡುವಿಗೆ, ಎಡಕ್ಕೆ, ಮತ್ತೆ ನಡುವಿಗೆ ಸುತ್ತುತ್ತದೆ. ಎಸೆಯಲು ಗಡುವು ತೋರಿಸುವ ಶಾಟ್ ಕ್ಲಾಕ್‌ನಲ್ಲಿ 6 ಸೆಕೆಂಡ್ ಉಳಿದಾಗ ಯಾರೋ ಒಬ್ಬರು ಮುಖದೆದುರು ಕೈ ಇದ್ದರೂ ದೂರದಿಂದ ಎಸೆಯುತ್ತಾರೆ. ಬೆಂಚಿನಿಂದ ಒಂದೇ ಮಾತು ಕೇಳಿಬರುತ್ತದೆ: "ಇವತ್ತು ಶಾಟ್ ಬೀಳ್ತಾ ಇಲ್ಲ."

ಆ ಮಾತು ನಂಬಿ ಮರುದಿನ ಶೂಟಿಂಗ್ ಅಭ್ಯಾಸವನ್ನು ಒಂದು ಗಂಟೆ ಹೆಚ್ಚಿಸಿದರೆ ಕಾಯಿಲೆ ಇದ್ದಲ್ಲೇ ಇರುತ್ತದೆ. ತಪ್ಪಿದ ಶಾಟ್ ಕಣ್ಣಿಗೆ ಬೀಳುತ್ತದೆ ನಿಜ, ಆದರೆ ತಪ್ಪು ನಡೆದದ್ದು ಅದಕ್ಕೂ 10-12 ಸೆಕೆಂಡ್ ಮೊದಲು. ಆಗ ಚೆಂಡು ಝೋನ್‌ನ ಒಳಗೆ ಹೋಗಬೇಕಿತ್ತು, ಹೋಗಲಿಲ್ಲ. ಅಥವಾ ಹೋಯಿತು, ಅಲ್ಲಿಂದ ಮುಂದೆ ಏನೂ ಆಗಲಿಲ್ಲ. ಈ ಎರಡರಲ್ಲಿ ನಿಮ್ಮ ತಂಡದ್ದು ಯಾವುದು ಎಂದು ಮೊದಲು ಗೊತ್ತಾಗಬೇಕು, ಏಕೆಂದರೆ ಎರಡಕ್ಕೂ ಮದ್ದು ಬೇರೆ ಬೇರೆ.

ಒಳ್ಳೆಯ ತಂಡಗಳೂ ಇದಕ್ಕೆ ಬಲಿಯಾಗಿವೆ. 2018ರ ಮಾರ್ಚ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದ ಅಮೆರಿಕದ ಕಾಲೇಜುಗಳ ಎನ್‌ಸಿಎಎ ಟೂರ್ನಿಯ ಎರಡನೇ ಸುತ್ತಿನಲ್ಲಿ 3ನೇ ಶ್ರೇಯಾಂಕದ ಮಿಷಿಗನ್ ಸ್ಟೇಟ್, 11ನೇ ಶ್ರೇಯಾಂಕದ ಸಿರಾಕ್ಯೂಸ್ ಎದುರು 53-55ರಿಂದ ಸೋತಿತು. ಎಸೆದ ಶಾಟ್ 66, ಬಿದ್ದದ್ದು 17. ಅದರಲ್ಲಿ ಮೂರಂಕದ ಯತ್ನ 37, ಬಿದ್ದದ್ದು 8. ಇಷ್ಟು ಓದಿ "ಹೊರಗಿನಿಂದ ಅತಿಯಾಗಿ ಎಸೆದರು" ಎಂದು ಮುಗಿಸುವವರೇ ಹೆಚ್ಚು. ಉಳಿದದ್ದನ್ನೂ ಕಳೆದು ನೋಡಿ: ಎರಡಂಕದ ಯತ್ನ 29, ಬಿದ್ದದ್ದು 9. ಅಂದರೆ ಒಳಗೆ ಎಸೆದಾಗಲೂ ಮೂರರಲ್ಲಿ ಒಂದರಷ್ಟೂ ಬಿದ್ದಿಲ್ಲ. ಝೋನ್ ಎದುರು ಚೆಂಡನ್ನು ಹೇಗಾದರೂ ಒಳಗೆ ತಳ್ಳಿದರೆ ಸಾಲದು, ಒಳಗೆ ಹೋದ ಚೆಂಡು ಡಿಫೆನ್ಸನ್ನು ಕದಲಿಸಬೇಕು ಎಂಬುದಕ್ಕೆ ಈ ಅಂಕಿಗಳು ಸಾಕ್ಷಿ.

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಈ ಝೋನ್‌ಗೆ ಇಷ್ಟು ಬೆಲೆ ಬರಲು ನಿಯಮಗಳೂ ಕಾರಣ. ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಯಾರನ್ನೂ ಕಾಯದ ಡಿಫೆಂಡರ್ ಕೀ (ಬುಟ್ಟಿಯಿಂದ ಫ್ರೀ ಥ್ರೋ ಲೈನ್‌ವರೆಗಿನ ಆಯತ) ಒಳಗೆ 3 ಸೆಕೆಂಡ್‌ಗಿಂತ ಹೆಚ್ಚು ನಿಲ್ಲುವಂತಿಲ್ಲ. ಕಾಲೇಜಿನಲ್ಲಿ ಆ ನಿಯಮವಿಲ್ಲ, ಎತ್ತರದ ಸೆಂಟರ್ ಬುಟ್ಟಿಯ ಕೆಳಗೇ ಠಿಕಾಣಿ ಹೂಡಬಹುದು. ಕಾಲೇಜು ಕೀ ಅಗಲ 12 ಅಡಿ ಮಾತ್ರ, ಎನ್‌ಬಿಎಯಲ್ಲಿ 16. ಕಾಯಬೇಕಾದ ಜಾಗ ಚಿಕ್ಕದಾದಷ್ಟೂ ಝೋನ್‌ಗೆ ಅನುಕೂಲ. ಜಿಮ್ ಬೋಹೈಮ್ 1976ರಿಂದ 2023ರವರೆಗೆ ಸಿರಾಕ್ಯೂಸ್‌ಗೆ ಕೋಚ್ ಆಗಿದ್ದು, 2-3 ಝೋನನ್ನೇ ತಂಡದ ಗುರುತಾಗಿಸಿದರು. 2003ರಲ್ಲಿ ಕ್ಯಾನ್ಸಸ್ ತಂಡವನ್ನು 81-78ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದದ್ದೂ ಈ ಝೋನ್ ಆಡುತ್ತಲೇ.

ಮೊದಲ ಪರೀಕ್ಷೆ: ಅದು ಝೋನೇ ಹೌದೇ?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಚೆಂಡು ನಡುವಿನ ಗಾರ್ಡ್ ಕೈಯಲ್ಲೇ ಇರಲಿ. ಒಂದು ವಿಂಗ್‌ನಲ್ಲಿ (ಮೂರಂಕದ ಗೆರೆಯ ಪಕ್ಕದ ಬದಿ) ಇರುವ ಆಟಗಾರನನ್ನು ಕೀ ಮೂಲಕ ಎದುರು ಬದಿಯ ಕಾರ್ನರ್‌ವರೆಗೆ (ಬೇಸ್‌ಲೈನ್ ಬಳಿಯ ಮೂಲೆ) ಓಡಿಸಿ. ಯಾರೂ ಹಿಂದೆ ಬರದಿದ್ದರೆ ಅದು ಝೋನ್. ಒಬ್ಬ ಬೆನ್ನು ಹತ್ತಿ ಕೊನೆತನಕ ಬಂದರೆ ಮ್ಯಾನ್-ಟು-ಮ್ಯಾನ್. ಅರ್ಧ ದಾರಿ ಬಂದು ಇನ್ನೊಬ್ಬನಿಗೆ ಒಪ್ಪಿಸಿ ವಾಪಸಾದರೆ ಮ್ಯಾಚ್-ಅಪ್ ಝೋನ್. ನಿಮ್ಮ ಮುಖ್ಯ ಶೂಟರ್ ಓಡಿದಾಗ ಮಾತ್ರ ಒಬ್ಬ ಅಂಟಿಕೊಂಡು ಬಂದು, ಬೇರೆಯವರು ಓಡಿದಾಗ ಯಾರೂ ಬರದಿದ್ದರೆ ಅದು ಬಾಕ್ಸ್-ಆ್ಯಂಡ್-ಒನ್. ಆದ್ದರಿಂದ ಕನಿಷ್ಠ ಇಬ್ಬರನ್ನು ಬೇರೆ ಬೇರೆ ಸಲ ಓಡಿಸಿ ನೋಡಬೇಕು, ಅವರಲ್ಲಿ ಒಬ್ಬರು ಮುಖ್ಯ ಶೂಟರ್ ಆಗಿರಲಿ.

ಆಮೇಲೆ ಮುಂದೆ ನಿಂತವರನ್ನು ಎಣಿಸಿ. ಇಬ್ಬರಿದ್ದರೆ 2-3. ಒಬ್ಬನಿದ್ದರೆ 1-3-1, ಅಥವಾ ನಡುವಿನವನು ಮುಂದೆ ಚಾಚಿ ನಿಂತ 3-2. ಈ ಕೈಪಿಡಿ 2-3ಕ್ಕೆ ಸೀಮಿತ. 1-3-1 ಎದುರು ಇದನ್ನೇ ಹಾಗ್‌ಹಾಗೇ ಹಾಕಿದರೆ ಚೆಂಡು ಕಳೆದುಕೊಳ್ಳುತ್ತೀರಿ, ಏಕೆಂದರೆ ಅಲ್ಲಿ ನಡುವೆ ಯಾವಾಗಲೂ ಒಬ್ಬ ನಿಂತಿರುತ್ತಾನೆ.

ಇನ್ನೂ ಒಂದು ವಿಷಯ ಗಮನಿಸಿ: ವಿಂಗ್‌ಗೆ ಪಾಸ್ ಹೋದಾಗ ಮುಂದೆ ಬರುವವರು ಯಾರು? ಕೆಲವು ತಂಡಗಳಲ್ಲಿ ಮೇಲಿನ ಗಾರ್ಡೇ ಜಾರಿ ವಿಂಗ್‌ಗೆ ಬರುತ್ತಾನೆ. ಸಿರಾಕ್ಯೂಸ್ ಮಾದರಿಯಲ್ಲಿ ಕೆಳಗಿನ ಫಾರ್ವರ್ಡ್ ಮೇಲೆದ್ದು ವಿಂಗ್‌ಗೆ ಬಂದು, ಗಾರ್ಡ್ ತಲುಪುವವರೆಗೆ ತಡೆದು, ಗಾರ್ಡ್ ಬಂದ ಮೇಲೆ ವಾಪಸ್ ಕೆಳಗೆ ಇಳಿಯುತ್ತಾನೆ. ಆ ಅದಲುಬದಲಿನ ಒಂದು ಕ್ಷಣ ಕಾರ್ನರ್‌ಗೆ ಕಾವಲಿರುವುದಿಲ್ಲ. ವಿಂಗ್‌ನಲ್ಲಿ ಚೆಂಡು ಹಿಡಿದವರು ಅದನ್ನು ಎದೆಗೆ ಒತ್ತಿಕೊಂಡು ಯೋಚಿಸುತ್ತ ನಿಂತರೆ ಆ ಕ್ಷಣ ಕಳೆದುಹೋಯಿತು. ಹಿಡಿದ ತಕ್ಷಣ ಕಾರ್ನರ್‌ಗೆ ಬಿಟ್ಟರೆ ಫಾರ್ವರ್ಡ್ 12-15 ಅಡಿ ಹಿಂದಕ್ಕೆ ಓಡಬೇಕು.

ಲೆಕ್ಕ ಬೇರ್ಪಡಿಸಿ

ಸ್ಕೋರ್ ಶೀಟಿನ ಒಟ್ಟು ಅಂಕಿಗಳಲ್ಲಿ ಝೋನ್ ಮತ್ತು ಮ್ಯಾನ್-ಟು-ಮ್ಯಾನ್ ಎರಡೂ ಕಲಸಿಹೋಗಿರುತ್ತವೆ. ವಿಡಿಯೋ ನೋಡಿ ಝೋನ್ ಎದುರಿನ ಪೊಸೆಷನ್‌ಗಳನ್ನಷ್ಟೇ (ಚೆಂಡು ಕೈಗೆ ಬಂದು ಕೈಬಿಡುವವರೆಗಿನ ಒಂದೊಂದು ಸರದಿ) ಪ್ರತ್ಯೇಕ ಹಾಳೆಗೆ ಇಳಿಸಿ. ಸಮಯವಿಲ್ಲದಿದ್ದರೆ ಇಡೀ ಪಂದ್ಯದ ಪೊಸೆಷನ್ ಎಣಿಕೆಗೆ ಕಾಲೇಜು ಆಟದಲ್ಲಿ ರೂಢಿಯಲ್ಲಿರುವ ಸೂತ್ರವಿದೆ: ಶಾಟ್ ಯತ್ನಗಳಿಂದ ಆಫೆನ್ಸಿವ್ ರೀಬೌಂಡ್ ಕಳೆಯಿರಿ, ಟರ್ನೋವರ್ (ಎಸೆಯದೇ ಚೆಂಡು ಕಳೆದುಕೊಂಡದ್ದು) ಕೂಡಿಸಿ, ಫ್ರೀ ಥ್ರೋ ಯತ್ನಗಳನ್ನು 0.475ರಿಂದ ಗುಣಿಸಿ ಅದನ್ನೂ ಕೂಡಿಸಿ. ಉದಾಹರಣೆಗೆ 58 ಶಾಟ್, 8 ರೀಬೌಂಡ್, 14 ಟರ್ನೋವರ್, 12 ಫ್ರೀ ಥ್ರೋ ಎಂದುಕೊಳ್ಳಿ. 58 - 8 + 14 + 5.7, ಒಟ್ಟು 69.7. ತಂಡ 62 ಅಂಕ ಮಾಡಿದ್ದರೆ ಪೊಸೆಷನ್‌ಗೆ 0.89 ಅಂಕ. ಕಾಲೇಜು ಮಟ್ಟದಲ್ಲಿ 1.0 ದಾಟುವುದು ಸಾಧಾರಣ ಆಟ, 0.9ರ ಕೆಳಗೆ ಇಳಿದರೆ ಖಂಡಿತ ಏನೋ ಕೆಟ್ಟಿದೆ.

ಬಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್ ರೂಢಿಗೆ ತಂದ ನಾಲ್ಕು ಅಂಶಗಳು ಇಲ್ಲಿ ಕೆಲಸಕ್ಕೆ ಬರುತ್ತವೆ: ಶಾಟ್ ಗುಣಮಟ್ಟ, ಟರ್ನೋವರ್, ಆಫೆನ್ಸಿವ್ ರೀಬೌಂಡ್, ಫ್ರೀ ಥ್ರೋ ಲೈನ್‌ಗೆ ಹೋಗುವುದು. ಶಾಟ್ ಗುಣಮಟ್ಟ ಅಳೆಯಲು ಬಿದ್ದ ಶಾಟ್‌ಗಳಿಗೆ ಬಿದ್ದ ಮೂರಂಕದ ಶಾಟ್‌ಗಳ ಅರ್ಧ ಸೇರಿಸಿ, ಒಟ್ಟು ಯತ್ನದಿಂದ ಭಾಗಿಸಿ. ಮಿಷಿಗನ್ ಸ್ಟೇಟ್‌ನ ಆ ದಿನದ ಲೆಕ್ಕ 17 + 4, ಭಾಗಿಸು 66, ಶೇ 31.8. ಶೇ 50ರ ಆಸುಪಾಸು ಇರಬೇಕಾದದ್ದು ಅದು.

ಆದರೆ ಈ ಅಂಕಿಗಳು ಜ್ವರ ಎಷ್ಟಿದೆ ಎಂದಷ್ಟೇ ಹೇಳುತ್ತವೆ. ಕಾರಣ ಬೇಕಾದರೆ ಝೋನ್ ಎದುರಿನ ಪ್ರತಿ ಪೊಸೆಷನ್‌ಗೂ ಮೂರು ವಿಷಯ ಬರೆದುಕೊಳ್ಳಿ. ಒಂದು, ಚೆಂಡು ಕೀ ಒಳಗೆ ಅಥವಾ ಹೈ ಪೋಸ್ಟ್‌ಗೆ (ಫ್ರೀ ಥ್ರೋ ಲೈನ್‌ನ ನಡುಭಾಗ) ಹೋಯಿತೇ. ಎರಡು, ಹೋದಾಗ ಶಾಟ್ ಕ್ಲಾಕ್ ಎಷ್ಟು ತೋರಿಸುತ್ತಿತ್ತು. ಮೂರು, ಅಲ್ಲಿಂದ ಚೆಂಡು ಎಲ್ಲಿಗೆ ಹೋಯಿತು. ಇಪ್ಪತ್ತು ಪೊಸೆಷನ್ ಬರೆದರೆ ಸಾಕು. ಇಪ್ಪತ್ತರಲ್ಲಿ ಹತ್ತು ಸಲವೂ ಚೆಂಡು ಒಳಗೆ ಹೋಗಿರದಿದ್ದರೆ ಕೆಳಗಿನ ಮೊದಲ ದೋಷ ನಿಮ್ಮದು. ಹತ್ತಕ್ಕಿಂತ ಹೆಚ್ಚು ಸಲ ಹೋಗಿಯೂ ಅಂಕ ಬಂದಿಲ್ಲವೆಂದರೆ ನೇರ ಎರಡನೆಯದಕ್ಕೆ ಹೋಗಿ.

ದೋಷ 1: ಚೆಂಡು ಹೈ ಪೋಸ್ಟ್‌ಗೆ ತಲುಪುತ್ತಿಲ್ಲ

2-3ರಲ್ಲಿ ಯಾರಿಗೂ ಸೇರದ ಜಾಗ ಎಂದರೆ ಫ್ರೀ ಥ್ರೋ ಲೈನ್‌ನ ನಡುಭಾಗ. ಮೇಲಿನ ಇಬ್ಬರು ಗಾರ್ಡ್‌ಗಳ ಬೆನ್ನ ಹಿಂದೆ, ಸೆಂಟರ್‌ನ ಮುಂದೆ. ಅಲ್ಲಿಗೆ ಚೆಂಡು ಬಂದರೆ ಐವರೂ ತಿರುಗಿ ನೋಡಲೇಬೇಕು. ಬರದಿರಲು ಸಾಮಾನ್ಯವಾಗಿ ನಾಲ್ಕು ಕಾರಣ.

ಮೊದಲನೆಯದು, ನಿಮ್ಮ ನಿಲುವೇ ಝೋನ್‌ನ ಪಡಿಯಚ್ಚು. ಮುಂದೆ ಇಬ್ಬರು ಗಾರ್ಡ್‌ಗಳ ಎದುರು ನೀವೂ ಇಬ್ಬರನ್ನು ನಿಲ್ಲಿಸಿದರೆ ಒಬ್ಬೊಬ್ಬರ ಮುಂದೆ ಒಬ್ಬೊಬ್ಬರು ಸಿಕ್ಕಿ, ಝೋನ್‌ಗೆ ಕೆಲಸವೇ ಉಳಿಯುವುದಿಲ್ಲ. ಮೇಲೆ ಒಬ್ಬನನ್ನೇ ಇಡಿ, ಸರಿಯಾಗಿ ಇಬ್ಬರು ಗಾರ್ಡ್‌ಗಳ ನಡುವಿನ ಸಂದಿಯಲ್ಲಿ. ಎರಡು ವಿಂಗ್‌ಗಳಲ್ಲಿ ಒಬ್ಬೊಬ್ಬರು, ಗಾರ್ಡ್ ಮತ್ತು ಫಾರ್ವರ್ಡ್ ನಡುವಿನ ಸಂದಿಗೆ ನೇರವಾಗಿ. ಒಬ್ಬ ಹೈ ಪೋಸ್ಟ್, ಒಬ್ಬ ಬೇಸ್‌ಲೈನ್. 1-3-1 ಎನ್ನುವ ಈ ನಿಲುವಿನಲ್ಲಿ ಪ್ರತಿ ಪಾಸ್‌ಗೂ "ಇವನು ನಿನ್ನವನಾ, ನನ್ನವನಾ" ಎಂದು ಇಬ್ಬರು ಡಿಫೆಂಡರ್‌ಗಳು ಮುಖ ನೋಡಿಕೊಳ್ಳಬೇಕಾಗುತ್ತದೆ.

ಎರಡನೆಯದು, ಹೈ ಪೋಸ್ಟ್‌ನಲ್ಲಿ ಒಬ್ಬರು ಮೊದಲೇ ಹೋಗಿ ನಿಂತುಬಿಟ್ಟಿರುತ್ತಾರೆ. ನಿಂತವರನ್ನು ಕಾಯುವುದು ಸುಲಭ. ಗಾರ್ಡ್ ಅರ್ಧ ಹೆಜ್ಜೆ ಹಿಂದೆ ಸರಿದು ಕೈ ಚಾಚಿದರೆ ಪಾಸ್ ದಾರಿ ಮುಚ್ಚಿತು. ಅಲ್ಲಿಗೆ ಬಂದು ಸೇರಬೇಕು, ಅದೂ ಡಿಫೆನ್ಸ್‌ಗೆ ಕಾಣದ ಕಡೆಯಿಂದ. ಶಾರ್ಟ್ ಕಾರ್ನರ್ ಎಂದರೆ ಕೀ ಪಕ್ಕದ ಗೆರೆಗೆ ಆಚೆ, ಬೇಸ್‌ಲೈನ್ ಹತ್ತಿರ, ಬುಟ್ಟಿಯಿಂದ 8-10 ಅಡಿ ದೂರದ ಜಾಗ. ಚೆಂಡಿನ ಮೇಲೆ ಕಣ್ಣಿಟ್ಟ ಸೆಂಟರ್‌ಗೆ ಅಲ್ಲಿ ನಿಂತವರು ಕಾಣುವುದಿಲ್ಲ. ಚೆಂಡು ವಿಂಗ್‌ನಿಂದ ನಡುವಿಗೆ ಗಾಳಿಯಲ್ಲಿರುವಾಗ ಅಲ್ಲಿಂದ ಹೊರಟು, ನಡುವಿನ ಗಾರ್ಡ್ ಹಿಡಿಯುವ ಹೊತ್ತಿಗೆ ಫ್ರೀ ಥ್ರೋ ಲೈನ್ ಮೇಲೆ ಕಾಲಿಡಬೇಕು. ಮೂರು ಹೆಜ್ಜೆ ಬೇಗ ಬಂದರೆ ಕಾಯುತ್ತಾರೆ, ತಡವಾದರೆ ಪಾಸ್ ಕೊಡುವವರು ಇನ್ನೊಂದು ಕಡೆಗೆ ತಿರುಗಿರುತ್ತಾರೆ.

ಮೂರನೆಯದು, ಪಾಸ್ ಕೊಡುವವರು ಚೆಂಡನ್ನು ಸುಳ್ಳು ತೋರಿಸುವುದಿಲ್ಲ. ಝೋನ್‌ನ ಗಾರ್ಡ್‌ಗಳು ಮನುಷ್ಯರನ್ನಲ್ಲ, ಚೆಂಡನ್ನು ಕಾಯುತ್ತಾರೆ. ಅದಕ್ಕೇ ಮ್ಯಾನ್-ಟು-ಮ್ಯಾನ್ ಎದುರಿಗಿಂತ ಝೋನ್ ಎದುರು ಪಾಸ್ ಫೇಕ್‌ಗೆ ಹೆಚ್ಚು ಫಲ. ಚೆಂಡನ್ನು ಕಿವಿಯ ಮಟ್ಟಕ್ಕೆ ಎತ್ತಿ, ಎರಡು ಕೈಯಲ್ಲೂ ಹಿಡಿದು, ಎದುರು ವಿಂಗ್‌ಗೆ ಎಸೆಯುವ ಹಾಗೆ ಭುಜ ಸಮೇತ ತಿರುಗಿ. ಗಾರ್ಡ್‌ನ ಕೈ ಮೇಲಕ್ಕೆ ಹೋಯಿತೆಂದರೆ ಸೊಂಟದ ಪಕ್ಕದಿಂದ ಬೌನ್ಸ್ ಪಾಸ್. ಕೈ ಕೆಳಗೇ ಇದ್ದರೆ ತಲೆಯ ಪಕ್ಕದಿಂದ ನೇರ ಪಾಸ್. ಕಣ್ಣು ಮಾತ್ರ ಹೊರಳಿಸುವ ಫೇಕ್‌ಗೆ ಯಾರೂ ಕದಲುವುದಿಲ್ಲ.

ನಾಲ್ಕನೆಯದು ಕೋಚ್ ಮಾಡುವ ತಪ್ಪು. ತಂಡದಲ್ಲಿ ಎಲ್ಲರಿಗಿಂತ ಎತ್ತರದವರನ್ನು ಹೈ ಪೋಸ್ಟ್‌ನಲ್ಲಿ ನಿಲ್ಲಿಸುತ್ತಾರೆ. ಅಲ್ಲಿ ಬೇಕಾದದ್ದು ಎತ್ತರವಲ್ಲ. ಹಿಡಿದು ತಿರುಗಿ ಇಡೀ ಕೋರ್ಟನ್ನು ಒಂದೇ ನೋಟದಲ್ಲಿ ಓದಿ ಪಾಸ್ ಕೊಡಬಲ್ಲವರು, ಜೊತೆಗೆ 15 ಅಡಿಯಿಂದ ನಂಬಿಕೆಯಿಂದ ಎಸೆಯಬಲ್ಲವರು ಬೇಕು. ತಂಡದ ಅತ್ಯುತ್ತಮ ಪಾಸರ್ 6 ಅಡಿಯ ಗಾರ್ಡ್ ಆಗಿದ್ದರೂ ಅವರನ್ನೇ ಅಲ್ಲಿಗೆ ಕಳಿಸಿ, ಎತ್ತರದವರನ್ನು ಶಾರ್ಟ್ ಕಾರ್ನರ್‌ಗೆ ಇಳಿಸಿ. ಇದೊಂದು ಬದಲಾವಣೆಯಿಂದಲೇ ಅನೇಕ ತಂಡಗಳ ಅರ್ಧ ತೊಂದರೆ ಹೋಗುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ದೋಷ 2: ಚೆಂಡು ಒಳಗೆ ಬಂತು, ಏನೂ ಆಗಲಿಲ್ಲ

ವಿಡಿಯೋವನ್ನು ನಿಧಾನ ಮಾಡಿ, ಹೈ ಪೋಸ್ಟ್‌ನವರ ಕಾಲು ನೋಡಿ. ಬುಟ್ಟಿಗೆ ಬೆನ್ನು ಮಾಡಿ ಚೆಂಡು ಹಿಡಿದು, ಒಂದು ಕಾಲಿನ ಮೇಲೆ ತೂಗಾಡಿ, ಹಿಡಿದದ್ದನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕೊಡುತ್ತಿದ್ದರೆ ಆ ಪಾಸ್ ವ್ಯರ್ಥ. ಕೆಳಗಿನ ಮೂವರು ಡಿಫೆಂಡರ್‌ಗಳ ಹಿಮ್ಮಡಿ ಸಹ ಅಲ್ಲಾಡಿರುವುದಿಲ್ಲ.

ಸರಿಯಾದ ಕ್ರಮ ಹೀಗಿದೆ. ಎರಡೂ ಕಾಲು ಒಟ್ಟಿಗೆ ನೆಲಕ್ಕೆ ತಾಗುವಂತೆ ಜಂಪ್ ಸ್ಟಾಪ್‌ನಲ್ಲಿ ಹಿಡಿಯಬೇಕು, ಆಗ ಯಾವ ಕಾಲಿನ ಮೇಲಾದರೂ ತಿರುಗಬಹುದು. ಚೆಂಡು ಗದ್ದದ ಕೆಳಗೆ, ಮೊಣಕೈ ಹೊರಗೆ, ಏಕೆಂದರೆ ಮೇಲಿನ ಗಾರ್ಡ್‌ಗಳು ಹಿಂದಿನಿಂದ ಕೈ ಹಾಕಲು ಬಂದೇ ಬರುತ್ತಾರೆ. ತಿರುಗುವಾಗಲೇ ಮೊದಲ ನೋಟ ಸೆಂಟರ್ ಮೇಲೆ. ಅವನು ಮೇಲೆ ಬಂದನೇ, ಕೆಳಗೇ ಉಳಿದನೇ?

ಮೇಲೆ ಬಂದರೆ ಅವನ ಬೆನ್ನ ಹಿಂದೆ ಶಾರ್ಟ್ ಕಾರ್ನರ್‌ನವರು ಬುಟ್ಟಿಯತ್ತ ಒಂದು ಹೆಜ್ಜೆ ಇಡುತ್ತಾರೆ, ಬೌನ್ಸ್ ಪಾಸ್, ಲೇಅಪ್. ಕೆಳಗೇ ಉಳಿದರೆ ಅಲ್ಲಿಂದಲೇ ಎಸೆಯಬೇಕು. ಈ ಶಾಟ್‌ಗೆ ಹಿಂಜರಿಯುವ ಆಟಗಾರರಿಂದ ಇಡೀ ಆಫೆನ್ಸ್ ಕೆಡುತ್ತದೆ: ಇವರು ಎಸೆಯುವುದಿಲ್ಲ ಎಂದು ಸೆಂಟರ್‌ಗೆ ಒಮ್ಮೆ ಗೊತ್ತಾದರೆ ಆಮೇಲೆ ಅವನು ಮೇಲೆ ಬರುವುದೇ ಇಲ್ಲ, ಕೆಳಗಿನ ದಾರಿಯೂ ಮುಚ್ಚುತ್ತದೆ. ಸೆಂಟರ್ ಜೊತೆ ಕೆಳಗಿನ ಫಾರ್ವರ್ಡ್ ಕೂಡ ಒಳಗೆ ಸರಿದಿದ್ದರೆ ಅವನ ಬದಿಯ ಕಾರ್ನರ್ ಖಾಲಿ, ಅಲ್ಲಿಗೆ ಪಾಸ್. ಕೆಳಗಿನ ಮೂವರೂ ತಮ್ಮ ಜಾಗದಲ್ಲೇ ಇದ್ದು ಗಾರ್ಡ್‌ಗಳಿಬ್ಬರೂ ಕುಸಿದು ಬಂದಿದ್ದರೆ ನಡುವಿನ ಗಾರ್ಡ್‌ಗೆ ವಾಪಸ್. ಚೆಂಡು ವಾಪಸ್ ಹೋಗುವುದು ಸರಿ ಎನಿಸುವುದು ಈ ಒಂದು ಸಂದರ್ಭದಲ್ಲಿ ಮಾತ್ರ.

ಇಷ್ಟಕ್ಕೂ ಒಂದೂವರೆ ಸೆಕೆಂಡ್‌ಗಿಂತ ಹೆಚ್ಚು ಬೇಡ. ಎರಡು ಸೆಕೆಂಡ್ ದಾಟಿದರೆ ನಾಲ್ಕು ಕೈ ಸುತ್ತುವರಿಯುತ್ತವೆ.

ಮಿಷಿಗನ್ ಸ್ಟೇಟ್ ಮಾದರಿಯ ಇನ್ನೊಂದು ದೋಷ ಇಲ್ಲಿಯೇ ಸೇರುತ್ತದೆ. ಒಳಗೆ ಚೆಂಡು ಹಿಡಿದವರು ಉದ್ದ ತೋಳಿನ ಸೆಂಟರ್ ಮೇಲೇ ನುಗ್ಗಿ ಎಸೆಯುವುದು. ಸಂದಿಯಲ್ಲಿ ಡ್ರಿಬಲ್ ಮಾಡಿ ನುಗ್ಗುವುದು ತಪ್ಪಲ್ಲ, ಬುಟ್ಟಿಯವರೆಗೆ ನುಗ್ಗುವುದು ತಪ್ಪು. ಗಾರ್ಡ್ ಮತ್ತು ಫಾರ್ವರ್ಡ್ ನಡುವೆ ಎರಡು ಡ್ರಿಬಲ್, ಕೀ ಅಂಚಿನಲ್ಲಿ ಜಂಪ್ ಸ್ಟಾಪ್. ಇಬ್ಬರು ಡಿಫೆಂಡರ್‌ಗಳು ನಿಮ್ಮತ್ತ ಬಂದಿರುತ್ತಾರೆ, ನಿಮ್ಮವರಲ್ಲಿ ಒಬ್ಬರು ಎಲ್ಲೋ ಕಾವಲಿಲ್ಲದೆ ಇದ್ದಾರೆ. ನಿಲ್ಲದೆ ಮುಂದುವರಿದರೆ ಒಂದೋ ಬ್ಲಾಕ್, ಇಲ್ಲವೇ ಚಾರ್ಜಿಂಗ್ ಫೌಲ್. ಬುಟ್ಟಿಯ ಕೆಳಗಿನ 4 ಅಡಿ ಕಮಾನಿನ ಹೊರಗೆ ನಿಂತ ಸೆಂಟರ್ ಕಾಯುತ್ತಿರುವುದೂ ಅದಕ್ಕೇ.

ದೋಷ 3: ಚೆಂಡು ನಿಧಾನ, ಝೋನ್ ಆರಾಮ

ಇದನ್ನು ಸ್ಟಾಪ್‌ವಾಚ್ ಹಿಡಿದು ಅಳೆಯಬಹುದು. ಒಬ್ಬೊಬ್ಬರ ಕೈಯಲ್ಲಿ ಚೆಂಡು ಎಷ್ಟು ಹೊತ್ತು ನಿಲ್ಲುತ್ತದೆ? ಎರಡು ಸೆಕೆಂಡ್ ಆದರೆ ಝೋನ್ ಜಾರಿ ನಿಂತು ಉಸಿರೂ ಬಿಟ್ಟಿರುತ್ತದೆ. ಒಂದು ಸೆಕೆಂಡ್‌ನೊಳಗೆ ಬಿಟ್ಟರೆ ಮೂರನೇ ಪಾಸ್ ಹೊತ್ತಿಗೆ ಒಬ್ಬ ಡಿಫೆಂಡರ್ ಒಂದು ಹೆಜ್ಜೆ ಹಿಂದೆ ಬಿದ್ದಿರುತ್ತಾನೆ. ಹಿಡಿಯುವ ಮೊದಲೇ ಮುಂದಿನ ಪಾಸ್ ಎಲ್ಲಿಗೆಂದು ನೋಡಿಕೊಂಡಿರದಿದ್ದರೆ ಇದು ಆಗುವುದಿಲ್ಲ. ಚೆಂಡು ಬರುವಾಗಲೇ ಪಾದ ಬುಟ್ಟಿಯತ್ತ ತಿರುಗಿರಲಿ.

ಅನಗತ್ಯ ಡ್ರಿಬಲ್ ಇದರ ಅವಳಿ. ವಿಂಗ್‌ನಲ್ಲಿ ಹಿಡಿದ ತಕ್ಷಣ ನೆಲಕ್ಕೆ ಒಂದು ಸಲ ಬಡಿಯುವ ಅಭ್ಯಾಸ ಅನೇಕರಿಗಿದೆ. ಆ ಒಂದು ಬಡಿತದ ಅವಧಿ ಸಾಕು, ಫಾರ್ವರ್ಡ್ ಕಾರ್ನರ್‌ಗೆ ಮರಳಿಬಿಡುತ್ತಾನೆ. ಡ್ರಿಬಲ್‌ಗೆ ಝೋನ್ ಎದುರು ಎರಡೇ ಕೆಲಸ: ಸಂದಿಗೆ ನುಗ್ಗಿ ಇಬ್ಬರನ್ನು ಎಳೆಯುವುದು, ಇಲ್ಲವೇ ಮೇಲಿನ ಗಾರ್ಡನ್ನು ಅವನ ಜಾಗದಿಂದ ಪಕ್ಕಕ್ಕೆ ಎಳೆದೊಯ್ದು, ಅವನು ಬಿಟ್ಟುಬಂದ ಜಾಗಕ್ಕೆ ಹಿಂದಿನಿಂದ ಬರುವವರಿಗೆ ಪಾಸ್ ಕೊಡುವುದು.

ಸ್ಕಿಪ್ ಪಾಸ್, ಅಂದರೆ ಒಂದು ಬದಿಯ ವಿಂಗ್‌ನಿಂದ ನೇರ ಎದುರು ಬದಿಗೆ ಝೋನ್ ದಾಟಿಸಿ ಕೊಡುವ ಪಾಸ್, ಮೇಲಿಂದ ಮೇಲೆ ಕಳುವಾಗುತ್ತಿದ್ದರೆ ಕಾರಣ ಎರಡರಲ್ಲಿ ಒಂದು. ಪಾಸ್ ಕಮಾನಿನಂತೆ ಎತ್ತರಕ್ಕೆ ಹೋಗುತ್ತಿದೆ, ಅದು ಗಾಳಿಯಲ್ಲಿ ಇರುವಷ್ಟೂ ಡಿಫೆಂಡರ್‌ಗೆ ಸಮಯ. ಅಥವಾ ಝೋನ್ ಇನ್ನೂ ಒಂದು ಬದಿಗೆ ವಾಲುವ ಮೊದಲೇ ಕೊಡುತ್ತಿದ್ದಾರೆ. ಮೊದಲು ಚೆಂಡು ಕಾರ್ನರ್‌ಗೋ ಹೈ ಪೋಸ್ಟ್‌ಗೋ ಇಳಿಯಲಿ, ಎದುರು ಬದಿಯ ಫಾರ್ವರ್ಡ್ ಕೀ ನಡುವಿನವರೆಗೆ ಒಳಗೆ ಸರಿಯಲಿ. ಆಮೇಲೆ ಸ್ಕಿಪ್, ತಲೆಯ ಮೇಲಿಂದ, ಎರಡು ಕೈಯಲ್ಲಿ, ಸಾಧ್ಯವಾದಷ್ಟೂ ಚಪ್ಪಟೆಯಾಗಿ.

ಝೋನ್‌ಗೂ ಸ್ಕ್ರೀನ್ ಹಾಕಬಹುದು ಎಂಬುದನ್ನು ಮರೆತ ತಂಡಗಳು ಬಹಳ. ಸ್ಕಿಪ್ ಗಾಳಿಯಲ್ಲಿರುವಾಗ ಶಾರ್ಟ್ ಕಾರ್ನರ್‌ನವರು ಆ ಬದಿಯ ಫಾರ್ವರ್ಡ್‌ನ ದಾರಿಗೆ ಅಡ್ಡ ನಿಲ್ಲಬೇಕು. ಅವನು ಹೊರಬರಲು ಸುತ್ತು ಹಾಕುವಷ್ಟರಲ್ಲಿ ಕಾರ್ನರ್‌ನವರು ಕಾಲು ಕೂಡಿಸಿಕೊಂಡು ಎಸೆದಿರುತ್ತಾರೆ. ನಿಂತ ಮೇಲೆ ಅಲ್ಲಾಡಬಾರದು, ಮೂವಿಂಗ್ ಸ್ಕ್ರೀನ್ ಫೌಲ್ ಸಿಗುವುದು ಇಲ್ಲೇ. ಕಾರ್ನರ್ ಮೇಲೆ ಇಷ್ಟು ಒತ್ತು ಏಕೆಂದರೆ ಅಮೆರಿಕದ ಕಾಲೇಜು ಆಟದಲ್ಲಿ ಪುರುಷರಿಗೆ 2019-20ರಿಂದ, ಮಹಿಳೆಯರಿಗೆ 2021-22ರಿಂದ ಮೂರಂಕದ ಗೆರೆ 22 ಅಡಿ 1¾ ಇಂಚಿಗೆ ಹಿಂದೆ ಸರಿದಿದೆ. ಝೋನ್ ಈಗ ಮೊದಲಿಗಿಂತ ಅಗಲವಾಗಿ ಹರಡಬೇಕು, ಕಾರ್ನರ್‌ನ ಓಟ ಅವರಿಗೆ ಇನ್ನೂ ದೂರ.

ದೋಷ 4: ಗಡಿಯಾರ ಮೊದಲೇ ಖಾಲಿ

ಅಮೆರಿಕದ ಕಾಲೇಜು ಆಟದಲ್ಲಿ ಶಾಟ್ ಕ್ಲಾಕ್ 30 ಸೆಕೆಂಡ್. ಪುರುಷರ ಆಟದಲ್ಲಿ ಅದು 2014-15ರವರೆಗೆ 35 ಇತ್ತು. ಆ ಕಾಲದ ಪ್ಲೇಬುಕ್ ಇಟ್ಟುಕೊಂಡು ಈಗ ಆಡಿದರೆ ಒಂದು ಸುತ್ತು ಪಾಸ್ ಮುಗಿಯುವುದರೊಳಗೆ ಸಮಯ ಹೋಗಿರುತ್ತದೆ. ಅರ್ಧಗೆರೆ ದಾಟಲು 6 ಸೆಕೆಂಡ್‌ಗಿಂತ ಹೆಚ್ಚು ಬೇಡ. ಕ್ಲಾಕ್ 20 ತೋರಿಸುವಾಗ ಎಲ್ಲರೂ ಜಾಗದಲ್ಲಿರಬೇಕು, 18ರೊಳಗೆ ಮೊದಲ ಸಲ ಚೆಂಡು ಹೈ ಪೋಸ್ಟ್ ಮುಟ್ಟಬೇಕು, 10ರೊಳಗೆ ಬದಿ ಬದಲಾಗಿ ಎರಡನೇ ಸಲ ಒಳಗೆ ಹೋಗಬೇಕು. ನಿಮ್ಮ ಹಾಳೆಯ ಎರಡನೇ ಅಂಕಣದಲ್ಲಿ ಮೊದಲ ಮುಟ್ಟುವಿಕೆ 9, 8, 7 ಎಂದೇ ಬರೆದಿದ್ದರೆ ಉಳಿದ ಯಾವ ರಿಪೇರಿಯೂ ಫಲ ಕೊಡದು, ಮೊದಲು ಇದನ್ನು ಸರಿಮಾಡಿ.

ಎಲ್ಲಕ್ಕಿಂತ ಒಳ್ಳೆಯದು ಝೋನ್ ಕಟ್ಟಲು ಬಿಡದೇ ಇರುವುದು. ರೀಬೌಂಡ್ ಸಿಕ್ಕ ಕೂಡಲೇ ಓಡಿದರೆ ಅವರ ಸೆಂಟರ್ ಕೀ ತಲುಪುವ ಮೊದಲೇ ನೀವು ಅಲ್ಲಿರುತ್ತೀರಿ. ಝೋನ್ ತಂಡದ ಎದುರು ನಿಧಾನವಾಗಿ ಚೆಂಡು ತರುವುದು ಅವರಿಗೆ ಮಾಡುವ ಉಪಕಾರ.

ದೋಷ 5: ತಪ್ಪಿದ ಶಾಟ್ ಹಿಂದೆ ಯಾರೂ ಹೋಗುತ್ತಿಲ್ಲ

ಝೋನ್‌ನಲ್ಲಿ ಡಿಫೆಂಡರ್‌ಗೆ ತನ್ನ ಜಾಗ ಗೊತ್ತು, ಬಾಕ್ಸ್ ಔಟ್ ಮಾಡಬೇಕಾದ (ಬೆನ್ನು ಕೊಟ್ಟು ರೀಬೌಂಡ್‌ನಿಂದ ತಡೆಯಬೇಕಾದ) ಮನುಷ್ಯ ಯಾರೆಂದು ಗೊತ್ತಿರುವುದಿಲ್ಲ. ಇದು ಅದರ ಹುಟ್ಟುದೋಷ. ಕಾರ್ನರ್‌ನಿಂದ ಎಸೆದ ಶಾಟ್ ತಪ್ಪಿದರೆ ಹೆಚ್ಚಾಗಿ ಎದುರು ಬದಿಗೆ ಸಿಡಿಯುತ್ತದೆ. ಅಲ್ಲಿನ ವಿಂಗ್ ಬೇಸ್‌ಲೈನ್ ಕಡೆಯಿಂದ ನುಗ್ಗಲಿ, ಶಾರ್ಟ್ ಕಾರ್ನರ್‌ನವರು ಬುಟ್ಟಿಯ ಮುಂದೆ, ಹೈ ಪೋಸ್ಟ್‌ನವರು ನಡುವಿನಿಂದ ಕೆಳಗೆ. ಉಳಿದಿಬ್ಬರು ಹಿಂದೆ, ಎದುರಾಳಿ ಓಡದಂತೆ. ರೀಬೌಂಡ್ ಸಿಕ್ಕಿ ತಕ್ಷಣ ಎಸೆಯಲು ಆಗದಿದ್ದರೆ ಹೊರಗೆ ಕೊಡಿ: ಝೋನ್ ಆಗ ಚದುರಿರುತ್ತದೆ, ಕ್ಲಾಕ್ ಪುರುಷರ ಆಟದಲ್ಲಿ 20ಕ್ಕೆ ಮರಳುತ್ತದೆ. ಇಡೀ ಪಂದ್ಯದಲ್ಲಿ ಅತ್ಯಂತ ಬಿಡುವಾದ ಮೂರಂಕದ ಶಾಟ್ ಸಿಗುವುದು ಈ ಘಳಿಗೆಯಲ್ಲಿ.

ಅಭ್ಯಾಸದಲ್ಲಿ ರಿಪೇರಿ

ವಾರವಿಡೀ ದಿನಕ್ಕೆ 25 ನಿಮಿಷ ಸಾಕು. ಮೊದಲ 5 ನಿಮಿಷ ಐದು ಕುರ್ಚಿಗಳನ್ನು 2-3ರಲ್ಲಿ ಇಟ್ಟು, ಸಂದಿಗಳಲ್ಲಿ ನಿಂತು ಪಾಸ್ ಮಾತ್ರ. ಕುರ್ಚಿಯ ಎದುರು ನಿಂತವರಿಗೆ ತಾವು ತಪ್ಪು ಜಾಗದಲ್ಲಿರುವುದು ತಾವಾಗಿಯೇ ಕಾಣುತ್ತದೆ. ಮುಂದಿನ 8 ನಿಮಿಷ ಐವರ ಎದುರು ಐವರು, ಡ್ರಿಬಲ್ ಇಲ್ಲ, ಚೆಂಡು ಹೈ ಪೋಸ್ಟ್ ಅಥವಾ ಶಾರ್ಟ್ ಕಾರ್ನರ್ ಮುಟ್ಟದೆ ಶಾಟ್ ಇಲ್ಲ. ಆಮೇಲೆ 6 ನಿಮಿಷ ಆರು ಡಿಫೆಂಡರ್‌ಗಳ ಎದುರು ಐವರು, ಆರನೆಯವನು ಹೈ ಪೋಸ್ಟ್ ಕಾಯಲಿ. ಇಲ್ಲಿ ಪಾಸ್ ಫೇಕ್ ಕಲಿಯದೆ ಗತಿಯಿಲ್ಲ. ಕೊನೆಯ 6 ನಿಮಿಷ ಶೂಟಿಂಗ್, ಆದರೆ ಝೋನ್ ಎದುರು ನಿಜವಾಗಿ ಸಿಗುವ ಜಾಗಗಳಿಂದ: ಸ್ಕಿಪ್ ಹಿಡಿದು ಕಾರ್ನರ್‌ನಿಂದ, ತಿರುಗಿ ಫ್ರೀ ಥ್ರೋ ಲೈನ್‌ನಿಂದ, ಶಾರ್ಟ್ ಕಾರ್ನರ್‌ನಿಂದ. ಡ್ರಿಬಲ್ ಮಾಡಿ ಎಸೆದದ್ದನ್ನು ಎಣಿಸಬೇಡಿ.

ಕರ್ನಾಟಕದ ಅಂತರ ಕಾಲೇಜು ಪಂದ್ಯಗಳಿಗೆ ಇದನ್ನು ತರುವವರು ಕೆಲವು ಅಳತೆ ಬದಲಿಸಿಕೊಳ್ಳಬೇಕು, ನಮ್ಮಲ್ಲಿ ಆಡುವುದು ಅಂತರರಾಷ್ಟ್ರೀಯ ಒಕ್ಕೂಟ ಫಿಬಾದ ನಿಯಮದಂತೆ. ಶಾಟ್ ಕ್ಲಾಕ್ 24, ಅರ್ಧಗೆರೆ ದಾಟಲು 8 ಸೆಕೆಂಡ್, ಆಫೆನ್ಸಿವ್ ರೀಬೌಂಡ್ ಬಳಿಕ ಕ್ಲಾಕ್ 14. ಹಾಗಾಗಿ ಮೊದಲ ಮುಟ್ಟುವಿಕೆ 15ರೊಳಗೆ ಆಗಬೇಕು, ಎರಡನೆಯದು 8ರೊಳಗೆ. ಮೂರಂಕದ ಗೆರೆ ಎರಡೂ ಕಡೆ 6.75 ಮೀಟರ್, ಅದರಲ್ಲಿ ಬದಲಾವಣೆಯಿಲ್ಲ. ಕೀ ಮಾತ್ರ 4.9 ಮೀಟರ್, ಅಮೆರಿಕದ ಕಾಲೇಜಿನದು ಸುಮಾರು 3.66. ಅಂದರೆ ಶಾರ್ಟ್ ಕಾರ್ನರ್ ಪ್ರತಿ ಬದಿಗೂ ಸುಮಾರು 60 ಸೆಂಟಿಮೀಟರ್ ಹೊರಗೆ ಹೋಗುತ್ತದೆ. ಅಲ್ಲಿ ನಿಂತವರು ಗೆರೆಯ ಒಳಗೆ ಕಾಲಿಟ್ಟು ಮರೆತರೆ 3 ಸೆಕೆಂಡ್ ವಯಲೇಷನ್, ದೂರ ನಿಂತರೆ ಬೌನ್ಸ್ ಪಾಸ್ ಹಿಡಿದು ಒಂದೇ ಹೆಜ್ಜೆಯಲ್ಲಿ ಬುಟ್ಟಿ ತಲುಪಲಾಗದು. ಒಂದು ಡ್ರಿಬಲ್ ಸೇರಿಸಿಯೇ ಅಭ್ಯಾಸ ಮಾಡಿಸಿ. ಬಯಲು ಸಿಮೆಂಟ್ ಕೋರ್ಟಿನಲ್ಲಿ ಸಂಜೆ ಗಾಳಿ ಇದ್ದರೆ ಉದ್ದದ ಸ್ಕಿಪ್ ಬದಲು ನಡುವಿನ ಗಾರ್ಡ್ ಮೂಲಕ ಎರಡು ಬಿರುಸಿನ ಪಾಸ್ ಒಳ್ಳೆಯದು.

ರಿಪೇರಿ ಹಿಡಿಯಿತೆಂದು ಹೇಗೆ ಗೊತ್ತಾಗುತ್ತದೆ? ಎದುರಾಳಿ ಸೆಂಟರ್ ಫ್ರೀ ಥ್ರೋ ಲೈನ್ ಕಡೆ ಹೆಜ್ಜೆ ಹಾಕತೊಡಗುತ್ತಾನೆ, ಗಾರ್ಡ್‌ಗಳು ಪದೇ ಪದೇ ಹಿಂದೆ ತಿರುಗಿ ನೋಡುತ್ತಾರೆ, ಮೂರು ಪೊಸೆಷನ್ ಆಗುವುದರೊಳಗೆ ಅವರ ಕೋಚ್ ಟೈಮ್‌ಔಟ್ ಕರೆಯುತ್ತಾರೆ. ಟೈಮ್‌ಔಟ್ ಮುಗಿಸಿ ಬಂದವರು ಅದೇ ಝೋನ್‌ನಲ್ಲಿ ಇರುತ್ತಾರೆಂದು ಎಣಿಸಬೇಡಿ. ಮೊದಲ ಪೊಸೆಷನ್‌ನಲ್ಲೇ ಒಬ್ಬರನ್ನು ವಿಂಗ್‌ನಿಂದ ಎದುರು ಕಾರ್ನರ್‌ವರೆಗೆ ಓಡಿಸಿ, ಯಾರು ಹಿಂದೆ ಬರುತ್ತಾರೆ ನೋಡಿ.